ಅಪಿಂಗ್ಟನ್‌ನಲ್ಲಿ ಆರು ತಿಂಗಳ ಕೆಲಸ: ಆಫ್ರಿಕಾನ್ಸ್ ಎಷ್ಟು ಕಲಿತು ಹೋಗಬೇಕು?

ಪೀಣ್ಯ_ಫಿಟ್ಟರ್:

ಎಲ್ಲರಿಗೂ ನಮಸ್ಕಾರ. ನಾನು ಒಣದ್ರಾಕ್ಷಿ ತೊಳೆದು, ತೊಟ್ಟು ಬಿಡಿಸಿ, ಗ್ರೇಡ್ ಮಾಡುವ ಮಷೀನುಗಳ ಸರ್ವಿಸ್ ಇಂಜಿನಿಯರ್. ನಮ್ಮ ಎರಡು ಲೈನು ದಕ್ಷಿಣ ಆಫ್ರಿಕಾದ ಅಪಿಂಗ್ಟನ್‌ಗೆ ಹೋಗಿವೆ. ಅವನ್ನು ಕೂರಿಸಿ, ಓಡಿಸಿ, ಅಲ್ಲಿನವರಿಗೆ ಹೇಳಿಕೊಟ್ಟು ಬರಬೇಕು. ಜನವರಿಯಿಂದ ಆರು ತಿಂಗಳು.

"ಇಂಗ್ಲಿಷ್ ನಡೆಯುತ್ತೆ ಬಿಡಿ" ಅಂತ ಮ್ಯಾನೇಜರ್ ಹೇಳುತ್ತಾರೆ. ಆದರೆ ವಿಡಿಯೋ ಕಾಲ್‌ನಲ್ಲಿ ನಾನು ಏನಾದರೂ ಕೇಳಿದರೆ, ಆ ಕಡೆಯವರು ಎರಡು ನಿಮಿಷ, ಡಚ್‌ನಿಂದ ಬೆಳೆದ ಅಲ್ಲಿನ ಭಾಷೆಯಾದ ಆಫ್ರಿಕಾನ್ಸ್‌ನಲ್ಲಿ ತಮ್ಮತಮ್ಮಲ್ಲೇ ಮಾತಾಡಿಕೊಂಡು ಕೊನೆಗೆ "ಯೆಸ್, ಓಕೆ" ಎನ್ನುತ್ತಾರೆ. ಆ ಎರಡು ನಿಮಿಷ ಏನು ಮಾತಾಡಿದರು ಅನ್ನುವುದೇ ನನಗೆ ಚಿಂತೆ. ಡ್ಯುಯೊಲಿಂಗೋದಲ್ಲಿ ಹುಡುಕಿದೆ, ಡಚ್ ಇದೆ, ಜುಲು ಇದೆ, ಆಫ್ರಿಕಾನ್ಸ್ ಸಿಗಲಿಲ್ಲ.

ಕೈಯಲ್ಲಿ ಮೂರು ತಿಂಗಳಿದೆ. ದಿನಕ್ಕೆ ಮುಕ್ಕಾಲು ಗಂಟೆ ಕೊಡಬಲ್ಲೆ. ಎಲ್ಲಿಂದ ಶುರು ಮಾಡಲಿ? ಅಲ್ಲಿದ್ದು ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಜೋಬರ್ಗ್_ಜಯನಗರ:

ನಾನು ಜೊಹಾನ್ಸ್‌ಬರ್ಗ್‌ನಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಇಲ್ಲಿನ ಆಫೀಸುಗಳಲ್ಲಿ ಇಂಗ್ಲಿಷ್ ಸಾಕು. ಅಪಿಂಗ್ಟನ್ ಕಥೆ ಬೇರೆ, ಅದು ಇಲ್ಲಿಂದ ಸುಮಾರು 800 ಕಿಲೋಮೀಟರ್ ದೂರ.

ಒಂದು ಮಾತು ಮಾತ್ರ ನೆನಪಿಟ್ಟುಕೊಳ್ಳಿ. ಕಲಿತ ಹುರುಪಿನಲ್ಲಿ ಎಲ್ಲರ ಹತ್ತಿರವೂ ಆಫ್ರಿಕಾನ್ಸ್ ಶುರು ಮಾಡಬೇಡಿ. 1976ರ ಜೂನ್ 16ರಂದು ಇಲ್ಲಿನ ಕಪ್ಪು ಜನರ ಬಡಾವಣೆ ಸೊವೆಟೊದ ಶಾಲಾ ಮಕ್ಕಳು ಬೀದಿಗಿಳಿದದ್ದು ಈ ಭಾಷೆಯಲ್ಲೇ ಪಾಠ ಕಲಿಯಿರಿ ಅಂತ ಆಗಿನ ಬಿಳಿಯರ ಸರ್ಕಾರ ಹೇರಿದ್ದಕ್ಕೆ. ಪೊಲೀಸರ ಗುಂಡಿಗೆ ಮಕ್ಕಳು ಸತ್ತರು. ಆ ದಿನ ಇವತ್ತಿಗೂ ಇಲ್ಲಿ ಸರ್ಕಾರಿ ರಜೆ. ನನ್ನ ಪಕ್ಕದ ಮನೆಯ ಅಜ್ಜಿಗೆ ಆಫ್ರಿಕಾನ್ಸ್ ಚೆನ್ನಾಗಿ ಬರುತ್ತದೆ, ಆದರೆ ಆಡುವುದಿಲ್ಲ. ಎದುರಿನವರು ಯಾವ ಭಾಷೆಯಲ್ಲಿ ಶುರು ಮಾಡುತ್ತಾರೆ ನೋಡಿಕೊಂಡು ಮುಂದುವರಿಯಿರಿ.

ತಿಕೋಟಾ_ಮಣೂಕ:

ಈ ಪ್ರಶ್ನೆ ನೋಡಿ ಕೆಲಸ ಬಿಟ್ಟು ಬರೆಯಲು ಕೂತೆ. ನಮ್ಮೂರು ವಿಜಯಪುರದ ಹತ್ತಿರ ತಿಕೋಟಾ. ನಮ್ಮದೇ ದ್ರಾಕ್ಷಿ ತೋಟ, ಮಣೂಕದ (ಒಣದ್ರಾಕ್ಷಿಯ) ಶೆಡ್ಡು. ಅಪಿಂಗ್ಟನ್‌ನಿಂದ ಪಶ್ಚಿಮಕ್ಕೆ ಹೋದರೆ ಸಿಗುವ ಕಾಕಮಾಸ್ ಕಡೆ ಒಂದು ಒಣದ್ರಾಕ್ಷಿ ಪ್ಯಾಕ್‌ಹೌಸಿನಲ್ಲಿ ಮೂರು ಸೀಸನ್ ಕ್ವಾಲಿಟಿ ನೋಡಿಕೊಂಡಿದ್ದೆ. ಮೊದಲ ಸಲ ಹೋದಾಗ ಊರೇ ಕಂಡ ಹಾಗಾಯಿತು. ಸುತ್ತ ಬೆಂಗಾಡು, ನಡುವೆ ಆರೆಂಜ್ ನದಿ, ನದಿಯ ಎರಡೂ ದಂಡೆಗೆ ಹಸಿರು ಪಟ್ಟಿಯ ಹಾಗೆ ದ್ರಾಕ್ಷಿ. ನಮ್ಮಲ್ಲಿ ಬೆಳೆಯುವ ಅದೇ ಥಾಮ್ಸನ್ ಸೀಡ್‌ಲೆಸ್.

ನೀವು ಚಿಂತೆ ಮಾಡುತ್ತಿರುವುದು ಕಾಲ್‌ನಲ್ಲಿರುವ ಮಾಲೀಕರು, ಮ್ಯಾನೇಜರ್‌ಗಳ ಬಗ್ಗೆ ಅಲ್ವಾ? ಅವರಿಗೆ ಇಂಗ್ಲಿಷ್ ಬರುತ್ತದೆ, ಹೇಗೋ ನಡೆಯುತ್ತದೆ. ಆಫ್ರಿಕಾನ್ಸ್ ಬೇಕಾಗುವುದು ಲೈನಿನ ಮೇಲೆ ನಿಂತವರ ಹತ್ತಿರ. ಉತ್ತರ ಕೇಪ್ ಪ್ರಾಂತ್ಯದಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಮನೆಮಾತು ಆಫ್ರಿಕಾನ್ಸ್. ಅದು ಬಿಳಿಯರ ಭಾಷೆ ಅಂತ ನಾನೂ ಅಂದುಕೊಂಡು ಹೋಗಿದ್ದೆ. ಹಾಗಲ್ಲ. ದೇಶದಲ್ಲಿ ಅದನ್ನು ಮನೆಯಲ್ಲಿ ಆಡುವವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಬಿಳಿಯರಲ್ಲ. ನಿಮ್ಮ ಮಷೀನು ಓಡಿಸುವವರು ಅವರೇ.

ಮೂರನೇ ವಾರ ನಡೆದದ್ದು ಹೇಳುತ್ತೇನೆ. ರಾತ್ರಿ ಪಾಳಿ. ತೊಟ್ಟು ಬಿಡಿಸುವ ಮಷೀನಿನ ಹತ್ತಿರ ತಲೆಗೆ ಬಟ್ಟೆ ಕಟ್ಟಿದ ಒಬ್ಬ ಹಿರಿಯ ಹೆಂಗಸು, ಅಲ್ಲಿ ಇಪ್ಪತ್ತು ವರ್ಷದಿಂದ ಇದ್ದವರು. ನನ್ನ ಹತ್ತಿರ ಬಂದು ಬೆಲ್ಟಿನ ಕಡೆ ಕೈ ತೋರಿಸಿ "ದಿ ಬಾಂಟ್ ಟ್ರೆಕ್ ಸ್ಕಿಯೆಫ್" ಅಂದರು. ನಾನು "ಯಾ, ಯಾ" ಅಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂದರು, ಅದೇ ಮಾತು. ಮೂರನೇ ಸಲ ನಿಧಾನವಾಗಿ, ಮಗುವಿಗೆ ಹೇಳಿದ ಹಾಗೆ ಬಿಡಿಸಿ ಹೇಳಿದರು. ಮಷೀನು ಓಡುತ್ತಲೇ ಇದೆಯಲ್ಲ ಅಂತ ನಾನು ಸುಮ್ನಿದ್ದೆ. ಅರ್ಧ ಗಂಟೆಗೆ ಬೆಲ್ಟಿನ ಅಂಚು ಫ್ರೇಮಿಗೆ ಉಜ್ಜಿ, ನೂಲು ಬಿಟ್ಟು ರೋಲರಿಗೆ ಸುತ್ತಿಕೊಂಡಿತು. ಬೇರಿಂಗ್ ಜಾಮ್. ಬೆಳಗಿನ ತನಕ ಲೈನು ನಿಂತಿತು. "ಬಾಂಟ್" ಅಂದರೆ ಬೆಲ್ಟ್, "ಸ್ಕಿಯೆಫ್" ಅಂದರೆ ಸೊಟ್ಟ. ಬೆಲ್ಟು ಒಂದು ಕಡೆ ಎಳೆಯುತ್ತಿದೆ ಅಂತ ಆ ತಾಯಿ ಮೂರು ಸಲ ಹೇಳಿದ್ದರು. ಆಕೆಗೆ ತನ್ನ ಮಷೀನು ಗೊತ್ತಿತ್ತು, ನನಗೆ ನಾಲ್ಕು ಶಬ್ದ ಗೊತ್ತಿರಲಿಲ್ಲ.

ಮರುದಿನ ಒಂದು ನೋಟ್‌ಬುಕ್ ತಂದೆ. ಊಟದ ವೇಳೆಯಲ್ಲಿ ಅವರ ಪಕ್ಕದಲ್ಲಿ ಕೂತು ಒಂದೊಂದೇ ಭಾಗ ತೋರಿಸಿ ಹೆಸರು ಕೇಳಿ ಬರೆದುಕೊಂಡೆ. ಚೈನಿಗೆ ಕೆಟಿಂಗ್, ಎಣ್ಣೆಗೆ ಊಲಿ, ಸ್ಕ್ರೂಗೆ ಸ್ಕ್ರೂಫ್. ಸಡಿಲ ಅಂದರೆ ಲೊಸ್, ಬಿಗಿ ಅಂದರೆ ಫಾಸ್. ನಟ್ಟಿಗೆ ಮೂರ್, ಆದರೆ ಆ ಶಬ್ದಕ್ಕೆ ಬೈಗುಳದ ಅರ್ಥವೂ ಇದೆ, ಸ್ಪ್ಯಾನರ್ ಕೈಯಲ್ಲಿದ್ದಾಗ ಮಾತ್ರ ಬಳಸಿ. ಒಣದ್ರಾಕ್ಷಿ ರೊಸೇಯ್ನ್‌ಕಿ. ಕೊನೆಯ ಆ "ಕಿ" ಅಂದರೆ ಚಿಕ್ಕದು, ಮುದ್ದಿನದು. ಅದನ್ನು ಯಾವುದಕ್ಕೆ ಬೇಕಾದರೂ ಸೇರಿಸುತ್ತಾರೆ.

ಉಚ್ಚಾರ ಕಷ್ಟ ಅಂತ ಹೆದರಬೇಡಿ. ಬರವಣಿಗೆಯಲ್ಲಿ "ಗ" (g) ಇದ್ದಲ್ಲಿ ಸಾಮಾನ್ಯವಾಗಿ ಗಂಟಲಿನಿಂದ "ಖ" ಬರಬೇಕು. ವಿಜಯಪುರದಲ್ಲಿ ಉರ್ದು ಮನೆಮಾತಿನವರು "ಖಬರ್" ಅನ್ನುವಾಗ ಗಂಟಲು ಉಜ್ಜುತ್ತದಲ್ಲ, ಸರಿಯಾಗಿ ಅದೇ. ಅವರು "ಖುಯ ಮೊರ" ಅಂದರೆ ಗುಡ್ ಮಾರ್ನಿಂಗ್. ವ್ಯಾಕರಣವಂತೂ ಇಂಗ್ಲಿಷಿಗಿಂತ ಹಗುರ. ನಾನು, ನೀನು, ಅವಳು, ಅವರು, ಎಲ್ಲರಿಗೂ ಕ್ರಿಯಾಪದ ಒಂದೇ. ಆದದ್ದು ಹೇಳಲು "ಹೆಟ್" ಇಟ್ಟು, ಕ್ರಿಯಾಪದದ ಮುಂದೆ "ಖ" ಸೇರಿಸಿ ವಾಕ್ಯದ ಕೊನೆಗೆ ಹಾಕಿದರೆ ಸಾಮಾನ್ಯವಾಗಿ ಮುಗಿಯಿತು. "ಎಕ್ ಹೆಟ್ ದಿ ಮಶೀನ್ ಖಟೂಟ್ಸ್", ನಾನು ಮಷೀನು ಟೆಸ್ಟ್ ಮಾಡಿದೆ. ಕ್ರಿಯಾಪದ ಕೊನೆಗೆ ಬರುವುದು ಇಂಗ್ಲಿಷಿನವರಿಗೆ ತೊಡಕು, ನಮಗೆ ಹುಟ್ಟಿನಿಂದ ಬಂದದ್ದು. ಇಲ್ಲ ಅನ್ನಬೇಕಾದರೆ ಮಾತ್ರ "ನೀ" ಎರಡು ಸಲ ಬರುತ್ತದೆ: "ಎಕ್ ಕಾನ್ ನೀ ಕೊಮ್ ನೀ", ನನಗೆ ಬರಲಾಗುವುದಿಲ್ಲ. ಎರಡನೇ "ನೀ" ಬಿಟ್ಟರೂ ಅರ್ಥವಾಗುತ್ತದೆ, ಆದರೆ ಹೇಳಿದರೆ ಅವರ ಮುಖ ಅರಳುತ್ತದೆ.

ನಿಜವಾಗಿ ಕೈ ಕೊಡುವುದು ಅಂಕಿ ಮತ್ತು ಗಂಟೆ. ಹಿಂದಿಯ ಪಚ್ಚೀಸ್‌ನಲ್ಲಿ ಐದು ಮೊದಲು ಬರುವ ಹಾಗೆ ಅಲ್ಲೂ ಬಿಡಿ ಸ್ಥಾನ ಮೊದಲು, ಹತ್ತರ ಸ್ಥಾನ ಆಮೇಲೆ. ಫೋನಿನಲ್ಲಿ ಬೇರಿಂಗ್ ನಂಬರ್ ಹೇಳುತ್ತಾ "ಟ್ವಿಯೆ-ಎನ್-ಸೆಸ್ಟಖ್" ಅಂದರು. ಎರಡು-ಮತ್ತು-ಅರವತ್ತು. ನಾನು 6205 ಬರೆಯುವ ಬದಲು 2605 ಬರೆದೆ. ಈಗಲೂ ನಂಬರನ್ನು ಒಂದೊಂದೇ ಅಂಕಿಯಾಗಿ ತಿರುಗಿಸಿ ಹೇಳಿ ಖಾತ್ರಿ ಮಾಡಿಕೊಳ್ಳುತ್ತೇನೆ. ಗಂಟೆ ಇನ್ನೂ ಮುಖ್ಯ. "ಹಾಲ್ಫ್ ದ್ರೀ" ಅಂದರೆ ಮೂರೂವರೆ ಅಲ್ಲ, ಎರಡೂವರೆ! ಮೂರಕ್ಕೆ ಅರ್ಧ ಬಾಕಿ ಅಂತ ಲೆಕ್ಕ. ಖರೀದಿದಾರರು ಸ್ಯಾಂಪಲ್ ನೋಡಲು ಬಂದ ದಿನ ನಾನು ಒಂದು ಗಂಟೆ ತಡವಾಗಿ ಹೋದೆ. ಅವರು ಎದ್ದು ಕಾರು ಹತ್ತುತ್ತಿದ್ದರು.

ಇನ್ನು "ನೌ" ಅಂದರೆ ಈಗ ಅಂತ ಪುಸ್ತಕ ಹೇಳುತ್ತದೆ. ಆದರೆ "ನೌ-ನೌ" ಅಂದರೆ ಇನ್ನು ಸ್ವಲ್ಪ ಹೊತ್ತಿಗೆ, "ನೆಟ್‌ನೌ" ಅಂದರೆ ಇನ್ನೂ ಆಮೇಲೆ. ನಾವು ಮನೆಯೊಳಗಿಂದ "ಬಂದೆ" ಅಂತ ಕೂಗಿ ಹತ್ತು ನಿಮಿಷ ಬಿಟ್ಟು ಹೊರಗೆ ಬರುತ್ತೇವಲ್ಲ, ಆ ಥರ. ಇಂಜಿನಿಯರ್ "ನೆಟ್‌ನೌ" ಬರುತ್ತೇನೆ ಅಂದರೆ ಮಷೀನು ಬಿಚ್ಚಿಟ್ಟುಕೊಂಡು ಕಾಯಬೇಡಿ.

ದಿನದ ಮುಕ್ಕಾಲು ಗಂಟೆಯಲ್ಲಿ ಅರ್ಧ ಗಂಟೆ ಕಿವಿಗೆ ಕೊಡಿ. ಆರ್‌ಎಸ್‌ಜಿ ಅಂತ ಅವರ ಸರ್ಕಾರಿ ರೇಡಿಯೋ ಇದೆ, ನೆಟ್‌ನಲ್ಲಿ ಬರುತ್ತದೆ. ವಾರ್ತೆ ಹಾಕಿಕೊಂಡು ಬಿಡಿ. ಮೊದಲ ತಿಂಗಳು ಏನೂ ತಿಳಿಯುವುದಿಲ್ಲ, ಎರಡನೆಯ ತಿಂಗಳು ಅಂಕಿ, ದಿನ, ಊರಿನ ಹೆಸರು ಕಿವಿಗೆ ಸಿಗುತ್ತವೆ. ಉಳಿದ ಹದಿನೈದು ನಿಮಿಷ ಮಷೀನಿನ ಶಬ್ದಗಳಿಗೆ.

ಪೀಣ್ಯ_ಫಿಟ್ಟರ್:

ಅಣ್ಣ, ಏನು ಹೇಳಲಿ ಗೊತ್ತಾಗುತ್ತಿಲ್ಲ, ತುಂಬಾ ಥ್ಯಾಂಕ್ಸ್. ಟ್ರೇನಿಂಗ್ ಎಂದರೆ ಮ್ಯಾನೇಜರ್‌ಗೆ ಕೊಡುವುದು ಅಂತಲೇ ಪ್ಲಾನ್ ಮಾಡಿದ್ದೆ. ಇನ್ನೆರಡು ಪ್ರಶ್ನೆ. ಮೇಲ್ ಆಫ್ರಿಕಾನ್ಸ್‌ನಲ್ಲಿ ಬರೆಯಬೇಕಾ? ಮತ್ತೆ ವಯಸ್ಸಾದವರನ್ನು ಏನಂತ ಕರೆಯಬೇಕು? ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಕೇಪ್_ಕನ್ನಡತಿ:

ಮೇಲ್ ಬಗ್ಗೆ ನಾನು ಹೇಳುತ್ತೇನೆ. ಸ್ಟೆಲೆನ್‌ಬಾಷ್‌ನಲ್ಲಿ ಅಕೌಂಟ್ಸ್ ಕೆಲಸ ನನ್ನದು, ದಿನವೂ ವೈನ್ ತೋಟದವರ ಮೇಲ್‌ಗಳಲ್ಲೇ ಮುಳುಗಿರುತ್ತೇನೆ.

ನೀವು ಇಂಗ್ಲಿಷ್‌ನಲ್ಲೇ ಬರೆಯಿರಿ. ಟೆಕ್ನಿಕಲ್ ವಿಷಯದಲ್ಲಿ ಅರೆಬರೆ ಆಫ್ರಿಕಾನ್ಸ್ ಅಪಾಯ. ಆದರೆ ಬಂದದ್ದನ್ನು ಓದಲು ಕಲಿಯಿರಿ. ಫಕ್‌ಟ್ಯೂರ್ ಅಂದರೆ ಇನ್‌ವಾಯ್ಸ್, ಕ್ವೊಟಾಸಿ ಅಂದರೆ ಕೊಟೇಶನ್. ಬಿಲ್ಲಿನಲ್ಲಿ ಬಿಟಿಡಬ್ಲ್ಯು ಅಂತ ಇದ್ದರೆ ಅದು ಅವರ ವ್ಯಾಟ್, 2018ರಿಂದ ನೂರಕ್ಕೆ 15. ಹಣದ ಮೊತ್ತದಲ್ಲಿ ಪಾಯಿಂಟ್ ಜಾಗದಲ್ಲಿ ಅಲ್ಪವಿರಾಮ ಇರುತ್ತದೆ, 1 250,50 ಅಂದರೆ ಸಾವಿರದ ಇನ್ನೂರ ಐವತ್ತು ರ್‍ಯಾಂಡ್ ಐವತ್ತು ಸೆಂಟ್. ನಮ್ಮ ಕಣ್ಣಿಗೆ ಅದು ಲಕ್ಷದ ಲೆಕ್ಕದ ಹಾಗೆ ಕಾಣುತ್ತದೆ, ಹುಷಾರು. ಶಬ್ದ ತಿಳಿಯದಿದ್ದರೆ ವಿವಾ ಅಂತ ಒಂದು ಸಂಸ್ಥೆಯ ಆನ್‌ಲೈನ್ ನಿಘಂಟು ಇದೆ, ಚೆನ್ನಾಗಿದೆ.

ಶುರು ಮತ್ತು ಕೊನೆ ಮಾತ್ರ ಆಫ್ರಿಕಾನ್ಸ್‌ನಲ್ಲಿ ಹಾಕಬಹುದು. ಪರಿಚಯ ಇಲ್ಲದವರಿಗೆ "ಖೆಆಖ್‌ಟ", ಅಂದರೆ ಮಾನ್ಯರೇ. ಪರಿಚಯವಾದ ಮೇಲೆ "ಬೆಸ್ಟ" ಅಂತ ಹೇಳಿ ಹೆಸರು. ಕೊನೆಗೆ "ಫ್ರಿಂಡಲಿಕ ಖ್ರೂಟ". ಅವರಿಗೂ ನಮ್ಮ ನೀನು-ನೀವು ಥರ "ಯೆಯ್" ಮತ್ತು "ಯು" ಇವೆ. ಮೊದಲ ಮೇಲ್‌ಗೆ ಗೌರವದ "ಯು". ಟ್ರಾನ್ಸ್‌ಲೇಟರ್ ಆ್ಯಪ್ ಒಂದೇ ಪತ್ರದಲ್ಲಿ ಎರಡನ್ನೂ ಕಲಸಿಬಿಡುತ್ತದೆ, ಓದುವವರಿಗೆ ಇರಿಸುಮುರಿಸು.

ಇನ್ನೊಂದು ವಿಷಯ ನನಗೆ ಬಹಳ ಇಷ್ಟವಾದದ್ದು. ಡಚ್ಚರು ಮಲಬಾರ್, ಕೋರಮಂಡಲ, ಬಂಗಾಳದಿಂದಲೂ ಜನರನ್ನು ಗುಲಾಮರಾಗಿ ಈ ಕೇಪ್ ಪ್ರದೇಶಕ್ಕೆ ತಂದಿದ್ದರು. ಅಂಥವರ ಬಾಯಲ್ಲೂ ಬೆಳೆದ ಭಾಷೆ ಇದು. ಕೇಪ್‌ನ ಮದರಸಾಗಳಲ್ಲಿ ಇದನ್ನು ಅರಬ್ಬಿ ಲಿಪಿಯಲ್ಲಿ ಬರೆಯುತ್ತಿದ್ದರು. ದಿನಕ್ಕೆ ನೂರು ಸಲ ಕೇಳುವ "ಬಾಯ ದಾಂಕಿ"ಯ "ಬಾಯ", ಅಂದರೆ ಬಹಳ, ಬಂದದ್ದು ಮಲಯ್ ಭಾಷೆಯಿಂದ.

ತಿಕೋಟಾ_ಮಣೂಕ:

ಅಕ್ಕ ಹೇಳಿದ ಅಲ್ಪವಿರಾಮದ ಮಾತು ನನ್ನ ನೋಟ್‌ಬುಕ್ಕಿನಲ್ಲೂ ಇಲ್ಲ, ಬರೆದುಕೊಂಡೆ.

ತಮ್ಮಾ, ಹೆಸರು ಹಿಡಿದು ಕರೆಯಬೇಕಾಗಿಲ್ಲ. ಅಲ್ಲೂ ನಮ್ಮ ಹಾಗೆಯೇ. ವಯಸ್ಸಾದ ಗಂಡಸಿಗೆ "ಓಮ್", ಹೆಂಗಸಿಗೆ "ಟಾನಿ". ಆ ಬೆಲ್ಟಿನ ತಾಯಿಯಂಥವರನ್ನು "ಆಂಟಿ" ಅಂತಲೂ ಕರೆಯುತ್ತಾರೆ. ನಾವು ಊರಲ್ಲಿ ಕಾಕಾ, ಕಾಕು ಅನ್ನುವುದು ನೆನಪಾಗುತ್ತದೆ. ಹಿರಿಯರ ಎದುರಿಗೆ "ನೀವು" ಅಂತಲೂ ಹೇಳದೆ "ವಿಲ್ ಓಮ್ ಕೊಫಿ ಹೆ?" ಎನ್ನುತ್ತಾರೆ, ಕಾಕಾಗೆ ಕಾಫಿ ಬೇಕಾ ಅಂದ ಹಾಗೆ. ನಿಮಗಿಂತ ಐದಾರು ವರ್ಷ ಮಾತ್ರ ದೊಡ್ಡವರಾದ ಮ್ಯಾನೇಜರ್‌ಗೆ ಓಮ್ ಅನ್ನಬೇಡಿ, ಅವರಿಗೆ "ಮನಿಯರ್" ಸಾಕು. ಮಾಲೀಕರಿಗೆ ಓಮ್ ಅಂದು, ಲೈನಿನ ಮೇಲಿರುವ ಅದೇ ವಯಸ್ಸಿನವರನ್ನು ಹೆಸರಿನಿಂದ ಕೂಗುವುದು ಮಾತ್ರ ಬೇಡ. ಅಲ್ಲಿ ಅದನ್ನು ಜನ ಗಮನಿಸುತ್ತಾರೆ, ಅದಕ್ಕೆ ಕಾರಣವೂ ಇದೆ.

ಜನವರಿಯಲ್ಲಿ ಕೊಯ್ಲು, ಬಿಸಿಲು 40 ಡಿಗ್ರಿ ದಾಟುತ್ತದೆ. ನೀರಿನ ಬಾಟಲಿ ಬಿಟ್ಟು ಹೋಗಬೇಡಿ. ನನ್ನ ನೋಟ್‌ಬುಕ್ಕಿನ ಪುಟಗಳ ಫೋಟೋ ನಾಳೆ ಇಲ್ಲೇ ಹಾಕುತ್ತೇನೆ. ಎರಡು ಪುಟಕ್ಕೆ ಎಣ್ಣೆ ಬಿದ್ದು ಅಕ್ಷರ ಮಸುಕಾಗಿದೆ, ಅವನ್ನು ಮತ್ತೆ ಬರೆದು ಹಾಕುತ್ತೇನೆ.