ತಮ್ಮ ಹಾಕಿದ ವಿಡಿಯೋ: ಕೇಜ್ ಒಳಗೆ ಬಾಕ್ಸಿಂಗ್ ನಡೆಯಲ್ವಾ?

ತಮ್ಮ: (ವಿಡಿಯೋ) 2010ರ ಕೇಜ್ ಪಂದ್ಯ (ಬಲೆ ಹಾಕಿದ ಅಂಕಣದಲ್ಲಿ ಗುದ್ದು, ಒದೆ, ಕುಸ್ತಿ ಎಲ್ಲ ಇರುವ ಎಂಎಂಎ), ಬಾಕ್ಸರ್ ಜೇಮ್ಸ್ ಟೋನಿ ಮತ್ತು ಕುಸ್ತಿಪಟು ರ್‍ಯಾಂಡಿ ಕೂಟೂರ್. ಮೂರು ತೂಕಗಳಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಬಾಕ್ಸರ್ ಮೊದಲ ರೌಂಡೂ ದಾಟಲಿಲ್ಲ. ಅಣ್ಣ, ಇನ್ನಾದರೂ ಒಪ್ಪಿಕೋ. ಒದೆ, ಕುಸ್ತಿ ಎರಡೂ ಇರುವ ಕಡೆ ಬಾಕ್ಸಿಂಗ್ ನಡೆಯಲ್ಲ.

ದೊಡ್ಡಪ್ಪ: ನಡೆಯಲ್ಲ ಅಂದವರು ಯಾರೋ? ಬಾಕ್ಸರ್ ಮುಹಮ್ಮದ್ ಅಲಿ ಕಾಲದಲ್ಲಿ ಇದೆಲ್ಲ ಇದ್ದಿದ್ದರೆ ಒಬ್ಬನೂ ಹತ್ತಿರ ಬರುತ್ತಿರಲಿಲ್ಲ.

ತಮ್ಮ: ಇತ್ತು ದೊಡ್ಡಪ್ಪ. 1976ರಲ್ಲಿ ಟೋಕಿಯೋದಲ್ಲಿ ಜಪಾನಿನ ಕುಸ್ತಿಪಟು ಇನೋಕಿ ಜೊತೆ ಅಲಿ 15 ರೌಂಡ್ ಆಡಿದ್ದರು. ಇನೋಕಿ ಹೆಚ್ಚು ಹೊತ್ತು ನೆಲದ ಮೇಲೇ ಇದ್ದು ಅಲಿ ಕಾಲಿಗೆ ಒದ್ದರು. ಪಂದ್ಯ ಡ್ರಾ. ಅಲಿ ಕಾಲು ಊದಿಕೊಂಡು ರಕ್ತ ಹೆಪ್ಪುಗಟ್ಟಿತ್ತು.

ದೊಡ್ಡಪ್ಪ: ಮಲಗಿದವನಿಗೆ ಗುದ್ದೋದು ಹೇಗಪ್ಪಾ?

ನಾನು: ದೊಡ್ಡಪ್ಪ, ವಿಷಯ ಇರುವುದೇ ಅಲ್ಲಿ. ಬಾಕ್ಸಿಂಗ್‌ನಲ್ಲಿ ಎದುರಾಳಿ ನಿಂತೇ ಇರುತ್ತಾನೆ. ಸೊಂಟದ ಕೆಳಗೆ ಏಟು ಬರಲ್ಲ. ತಬ್ಬಿಕೊಂಡರೆ ರೆಫರಿ ಬಿಡಿಸುತ್ತಾರೆ. ಈ ಮೂರನ್ನೂ ನಂಬಿಯೇ ನಾವು ನಿಲ್ಲೋದು ಕಲಿಯುತ್ತೇವೆ. ಕೇಜ್‌ನಲ್ಲಿ ಮೂರೂ ಇಲ್ಲ. ಟೋನಿಗೆ ಗುದ್ದೋಕೆ ಬರುತ್ತಿರಲಿಲ್ಲ ಅಂತ ಯಾರೂ ಹೇಳಲ್ಲ. ಗುದ್ದುವ ದೂರದಲ್ಲಿ ನಿಲ್ಲೋಕೇ ಅವರನ್ನು ಬಿಡಲಿಲ್ಲ.

ತಮ್ಮ: ಸೋತ ಮೇಲೆ ಏನು ಬೇಕಾದರೂ ಹೇಳಬಹುದು ಅಣ್ಣ.

ನಾನು: ಸುಮ್ನೆ ಹೇಳುತ್ತಿಲ್ಲ, ನನ್ನ ಮೈಮೇಲೇ ಬಂದ ಪಾಠ ಇದು. ಆರು ವರ್ಷ ಬಾಕ್ಸಿಂಗ್ ಮಾಡಿ ಮೊದಲ ಸಲ ಒದೆ ಇರುವ ಅಭ್ಯಾಸ ಪಂದ್ಯಕ್ಕೆ, ಅಂದರೆ ಸ್ಪಾರಿಂಗ್‌ಗೆ ಇಳಿದೆ. ಜ್ಯಾಬ್‌ಗೆ, ಅಂದರೆ ಮುಂದಿನ ಕೈಯ ನೇರ ಗುದ್ದಿಗೆ, ಬಲ ಬರಲಿ ಅಂತ ಅಭ್ಯಾಸದಂತೆ ಮುಂಗಾಲಿನ ಮೇಲೆ ತೂಕ ಹಾಕಿದ್ದೆ. ಎದುರಾಳಿ ನನ್ನ ಕೈ ಕಡೆ ನೋಡಲೇ ಇಲ್ಲ. ಮೀನಖಂಡದ ಹೊರಬದಿಗೆ ಒಂದು ಒದ್ದ, ಅದೇ ಜಾಗಕ್ಕೆ ಇನ್ನೊಂದು. ಮೂರನೆಯದು ಬಿದ್ದಾಗ ಪಾದ ಎತ್ತಲು ಹೋದೆ, ಬೆರಳುಗಳು ಮೇಲೇಳಲೇ ಇಲ್ಲ! ಆಮೇಲೆ ನಾನು ಹೊಡೆದ ಜ್ಯಾಬ್ ಬರೀ ತೋಳಿನದು. ಪಕ್ಕದಿಂದ ಬಂದ ಅವನ ಗುದ್ದು (ಹುಕ್) ತಪ್ಪಿಸೋಕೆ ತಲೆ ತಗ್ಗಿಸಿದರೆ ಮೂಗಿನ ಮುಂದೆ ಅವನ ಮೊಣಕಾಲು. ಪಾಪ, ತಾಗಿಸದೆ ನಿಲ್ಲಿಸಿದ. ಬಾಕ್ಸಿಂಗ್‌ನಲ್ಲಿ ಅದೇ ತಗ್ಗುವಿಕೆಗೆ ಕೋಚ್ ಶಭಾಷ್ ಅನ್ನುತ್ತಿದ್ದರು.

ಗ್ಲೌಸ್ ಕೂಡ ಬೇರೆ. ಬಾಕ್ಸಿಂಗ್‌ನಲ್ಲಿ 8 ಅಥವಾ 10 ಔನ್ಸ್, ಮುಖ ಮುಚ್ಚಿಕೊಳ್ಳಬಹುದು. ಕೇಜ್‌ನಲ್ಲಿ 4 ಔನ್ಸ್, ಬೆರಳು ಬಿಟ್ಟಿರುತ್ತದೆ. ಮುಖದ ಮುಂದೆ ಎತ್ತಿದ ಕೈಗಳ (ಗಾರ್ಡ್) ಹಿಂದೆ ಅಡಗಿದರೂ ಸಂದಿಯಲ್ಲಿ ಗುದ್ದು ನುಗ್ಗುತ್ತದೆ.

ಅಕ್ಕ: ಹಾಗಿದ್ದರೆ ಹಾಲಿ ಹಾಮ್ ಕಥೆ ಏನು? 2015ರಲ್ಲಿ ಮೆಲ್ಬರ್ನ್‌ನಲ್ಲಿ ರೋಂಡಾ ರೌಸಿಯನ್ನು ಮಲಗಿಸಿದ್ದು ಬಾಕ್ಸಿಂಗ್ ಚಾಂಪಿಯನ್ ಅಲ್ವಾ? ರೌಸಿ ಒಲಿಂಪಿಕ್ ಜೂಡೋ ಪದಕ ಗೆದ್ದವರು, ಹಿಡಿದರೆ ಮುಗಿಯಿತು ಅನ್ನುತ್ತಿದ್ದರು.

ತಮ್ಮ: ಅಕ್ಕ, ಅದು ತಲೆಗೆ ಬಿದ್ದ ಒದೆ. ಬಾಕ್ಸಿಂಗ್ ಎಲ್ಲಿಂದ ಬಂತು?

ನಾನು: ಎಲ್ಲರೂ ನೋಡಿರುವುದು ಆ ಕೊನೆಯ ಒದೆ ಮಾತ್ರ. ಮೊದಲ ರೌಂಡ್ ನೋಡು. ರೌಸಿ ನುಗ್ಗಿದಾಗಲೆಲ್ಲ ಹಾಮ್ ಪಕ್ಕಕ್ಕೆ ಸರಿದು ಎಡಗೈ ನೇರ ಇಳಿಸುತ್ತಾರೆ. ಹಿಡಿಯೋಕೆ ಬಂದವರು ಮುಖಕ್ಕೆ ತಿಂದು ವಾಪಸ್. ಒದೆ ಬೀಳುವ ಹೊತ್ತಿಗೆ ರೌಸಿ ಆಗಲೇ ತತ್ತರಿಸಿದ್ದರು. ಅಕ್ಕ ಒಳ್ಳೆ ಪಂದ್ಯ ನೆನಪಿಸಿದಳು. ಹಾಮ್‌ಗೆ ಒದೆಯೂ ಗೊತ್ತಿತ್ತು, ಹಿಡಿದರೆ ಬಿಡಿಸಿಕೊಳ್ಳೋದೂ ಗೊತ್ತಿತ್ತು. ಅದಕ್ಕೇ ಅವರ ಕೈಗೆ ಕೆಲಸ ಸಿಕ್ಕಿತು.

ರೇ ಮರ್ಸರ್ ಅವರನ್ನೂ ನೋಡು. 1988ರ ಒಲಿಂಪಿಕ್ ಬಾಕ್ಸಿಂಗ್ ಚಿನ್ನ. 2009ರಲ್ಲಿ ಎಂಎಂಎ ಸಂಸ್ಥೆಯಾದ ಯುಎಫ್‌ಸಿ ಮಾಜಿ ಹೆವಿವೇಟ್ ಚಾಂಪಿಯನ್ ಟಿಮ್ ಸಿಲ್ವಿಯಾರನ್ನು 9 ಸೆಕೆಂಡಿನಲ್ಲಿ ಒಂದೇ ಗುದ್ದಿಗೆ ಕೆಡವಿದರು. ಅದೇ ಮರ್ಸರ್ 2007ರಲ್ಲಿ ಕಿಂಬೋ ಸ್ಲೈಸ್ ಎಂಬ ಫೈಟರ್ ತೋಳಿನಲ್ಲಿ ಕತ್ತು ಸಿಕ್ಕಿಸಿಕೊಂಡು ಸೋತಿದ್ದರು. ಗುದ್ದು ಎರಡೂ ಸಲ ಇತ್ತು. ಒಂದು ಸಲ ಬಳಸೋಕೆ ದೂರ ಸಿಕ್ಕಿತು, ಇನ್ನೊಂದು ಸಲ ಸಿಗಲಿಲ್ಲ.

ದೊಡ್ಡಪ್ಪ: ಹಾಗಾದರೆ ಯಾವುದು ಮೇಲು? ನೇರವಾಗಿ ಹೇಳು ಮಗಾ.

ನಾನು: ಒಂದೇ ವರ್ಷ ಕಲಿತ ಇಬ್ಬರನ್ನು ಕೇಜ್‌ಗೆ ಬಿಟ್ಟರೆ ಕುಸ್ತಿಯವನೇ ಗೆಲ್ಲುತ್ತಾನೆ ದೊಡ್ಡಪ್ಪ. ಬಾಕ್ಸಿಂಗ್ ನನ್ನ ಪ್ರಾಣ, ಆದರೂ ಇದನ್ನು ಒಪ್ಪುತ್ತೇನೆ. ಇಬ್ಬರಿಗೂ ಬೀಳದೆ ನಿಲ್ಲೋದು ಗೊತ್ತಿದ್ದರೆ ಮಾತ್ರ ನಾನು ಕೈ ಕಡೆಗೇ. ಒದೆಯಬೇಕಾದರೆ ಒಂದು ಕಾಲಿನ ಮೇಲೆ ನಿಲ್ಲಬೇಕು, ಕಾಲು ಹಿಡಿದರೆ ಕಥೆ ಮುಗಿಯಿತು. ಜ್ಯಾಬ್‌ಗೆ ಆ ಭಯ ತುಂಬಾ ಕಮ್ಮಿ, ಮತ್ತು ಅದು ಬೇಗ ಮುಟ್ಟುತ್ತದೆ.

ತಮ್ಮಾ, ನೀನು ಹಾಕಿದ ವಿಡಿಯೋನ ನಿಧಾನ ಮಾಡಿ ನೋಡು. ಕೂಟೂರ್ ಮೊದಲು ಎಲ್ಲಿಗೆ ಕೈ ಹಾಕುತ್ತಾರೆ?

ತಮ್ಮ: ನೋಡಿದೆ. ಸೊಂಟಕ್ಕಲ್ಲ, ಮುಂಗಾಲಿನ ಹಿಮ್ಮಡಿ ಹತ್ತಿರ. ಅಷ್ಟು ಕೆಳಗೆ ಬಾಕ್ಸರ್ ಕೈ ಹೋಗೋದೇ ಇಲ್ಲ ಅಲ್ವಾ?

ನಾನು: ಹೋಗಲ್ಲ. ಅಭ್ಯಾಸವೇ ಇರಲ್ಲ.

ದೊಡ್ಡಪ್ಪ: ಆ ಹಾಮ್ ಪಂದ್ಯ ಹಾಕಮ್ಮ. ಬರೀ ಒದೆ ಇರೋದು ಬೇಡ, ಮೊದಲಿಂದ ಇರೋದು.