ಚಂದಾಪುರದ ಫ್ಲಾಟ್ ಬಗ್ಗೆ ತಮ್ಮನಿಗೆ

ತಮ್ಮಾ, ನಿನ್ನೆ ರಾತ್ರಿ ನೀನು ಮನೆಯವರ ಗುಂಪಿಗೆ ಕಳಿಸಿದ ವಾಯ್ಸ್ ಮೆಸೇಜ್ ಪೂರ್ತಿ ಕೇಳಿದೆ. ರಾಜಾಜಿನಗರದ ಬಾಡಿಗೆ ಮನೆ ಬಿಟ್ಟು ಚಂದಾಪುರ–ಆನೇಕಲ್ ರಸ್ತೆಯಲ್ಲಿ ಫ್ಲಾಟ್ ತಗೊಳ್ಳೋಣ ಅಂತಿದ್ದೀಯ. ನಿನ್ನ ಹೆಂಡತಿಯ ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಮಕ್ಕಳಿಗೆ ಆಡೋಕೆ ಜಾಗ ಇದೆ, ಈ ವಾರವೇ ಮುಂಗಡ ಕೊಡಲಾ ಅಂತ ಕೇಳಿದ್ದೀಯ. ಚಿಕ್ಕಪ್ಪ ಬೇಗ ಕೊಡು, ರೇಟ್ ಏರುತ್ತದೆ ಅಂದರು. ದೊಡ್ಡಮ್ಮ ಅಷ್ಟು ದೂರ ಯಾಕಪ್ಪಾ ಅಂದರು. ನಾನು ಚಂದಾಪುರದ ಹತ್ತಿರ ಹೆಬ್ಬಗೋಡಿ ಕಡೆಯೇ ಇರುವವಳು, ನನ್ನ ಮಾತೂ ಕೇಳು. ಉದ್ದ ಆಗುತ್ತದೆ, ಕೆಲಸ ಮಾಡ್ತಾ ಕೇಳಿಸಿಕೊಳ್ಳಿ.

ಬನ್ನಿ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ನೀವು ಈ ಕಡೆ ಬಂದರೆ ನನಗಿಂತ ಖುಷಿ ಪಡುವವರು ಯಾರೂ ಇಲ್ಲ. ಆದರೆ ಮುಂಗಡ ಈಗ ಕೊಡಬೇಡ. ಇದೇ ಏರಿಯಾದಲ್ಲಿ ಒಂದು ಮನೆ ಬಾಡಿಗೆಗೆ ಹಿಡಿ. ಹನ್ನೊಂದು ತಿಂಗಳ ಕರಾರು ಹೇಗೂ ಮಾಡ್ತಾರೆ. ಅದರಲ್ಲಿ ಮಾರ್ಚ್, ಏಪ್ರಿಲ್ ಬೇಸಿಗೆ ಒಂದು ಸಲ ಕಳೆಯಲಿ, ಒಂದು ಮಳೆಗಾಲವೂ ಬರಲಿ. ಆಮೇಲೆ ಕೊಳ್ಳೋದೋ ಬಿಡೋದೋ ನೋಡು.

ಯಾಕೆ ಹೇಳ್ತಿದ್ದೇನೆ ಅಂದರೆ, ಮನೆ ನೋಡೋಕೆ ಹೋದವರು ನೀವಿಬ್ಬರು. ನೀವಿಬ್ಬರೂ ಬೆಳಿಗ್ಗೆ ಎಂಟೂವರೆಗೆ ಮನೆಯಿಂದ ಹೊರಗೆ. ಇಡೀ ದಿನ ಆ ಮನೆಯಲ್ಲಿ ಇರುವವರು ಅಮ್ಮ. ಮಧ್ಯಾಹ್ನದ ಮೇಲೆ ಅಮ್ಮ ಮತ್ತು ಮಕ್ಕಳು. ನಿನ್ನ ಮೆಸೇಜಿನಲ್ಲಿ ಕ್ಲಬ್‌ಹೌಸ್ ಬಂತು, ಈಜುಕೊಳ ಬಂತು, ಅಮ್ಮನ ಹೆಸರೇ ಬರಲಿಲ್ಲ. ಬೈಯುತ್ತಿಲ್ಲ ಕಣೋ, ಮನೆ ಹುಡುಕುವ ಓಡಾಟದಲ್ಲಿ ಎಲ್ಲರಿಗೂ ಹೀಗೇ ಆಗುತ್ತದೆ.

ರಾಜಾಜಿನಗರದಲ್ಲಿ ಅಮ್ಮನ ಒಂದು ಬುಧವಾರ ಹೇಗಿರುತ್ತದೆ ನೆನೆಸಿಕೋ. ಬೆಳಿಗ್ಗೆ ಗಾಡಿಯವನ ಹತ್ತಿರ ಸೊಪ್ಪು, ಹೂವು. ನಡೆದು ದೇವಸ್ಥಾನ. ಬಿಪಿ ಮಾತ್ರೆ ಮುಗಿದರೆ ಎದುರಿನ ಮೆಡಿಕಲ್ ಶಾಪ್. ಸಂಜೆ ಕಟ್ಟೆಯ ಮೇಲೆ ಮೂರ್ನಾಲ್ಕು ಜನ ಗೆಳತಿಯರು. ಇದಕ್ಕೆಲ್ಲ ಅವರು ಯಾರನ್ನೂ ಕೇಳಬೇಕಾಗಿಲ್ಲ. ನೀನು ಲೊಕೇಶನ್ ಕಳಿಸಿದ ಜಾಗದಲ್ಲಿ ಗೇಟಿನಿಂದ ಮುಖ್ಯ ರಸ್ತೆಗೆ ಬರೋದಕ್ಕೇ ಒಳ್ಳೆ ನಡಿಗೆ ಇದೆ. ಫುಟ್‌ಪಾತ್ ಇಲ್ಲ. ಜಲ್ಲಿ ತುಂಬಿದ ಟಿಪ್ಪರ್‌ಗಳು ಅದೇ ದಾರಿಯಲ್ಲಿ ಬರುತ್ತವೆ. ಅಲ್ಲಿ ಅಮ್ಮನಿಗೆ ಒಂದು ಶೀಟ್ ಮಾತ್ರೆಗೂ ನೀವೇ ಬೇಕು, ಇಲ್ಲವೇ ಫೋನಿನಲ್ಲಿ ಆರ್ಡರ್ ಹಾಕಬೇಕು. ಎಪ್ಪತ್ತು ದಾಟಿದವರು ಆರು ತಿಂಗಳು ನಡೆಯೋದು ಬಿಟ್ಟರೆ ಮತ್ತೆ ನಡೆಸೋದು ಎಷ್ಟು ಕಷ್ಟ ಗೊತ್ತಾ? ನನ್ನ ಅತ್ತೆಯನ್ನು ನೋಡಿಕೊಂಡವಳು ನಾನು, ಆ ಕಷ್ಟ ಗೊತ್ತು.

ಹಾಗಾಗಿ ಬೊಮ್ಮಸಂದ್ರ ಮೆಟ್ರೋ ಸ್ಟೇಷನ್ನಿಗೆ ಹತ್ತಿರ ಮನೆ ಹುಡುಕು. ಎರಡು ರೂಮು ಚಿಕ್ಕದಾದರೂ ಪರವಾಗಿಲ್ಲ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಯಿತಲ್ಲ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ, 16 ಸ್ಟೇಷನ್. ಶುರುವಿನಲ್ಲಿ 25 ನಿಮಿಷಕ್ಕೊಂದು ರೈಲು ಇತ್ತು, ಆಮೇಲೆ ರೈಲು ಜಾಸ್ತಿ ಮಾಡಿದರು. ಆರ್.ವಿ. ರಸ್ತೆಯಲ್ಲಿ ಇಳಿದು ಹಸಿರು ಮಾರ್ಗ ಹತ್ತಿದರೆ ಅದೇ ರೈಲು ರಾಜಾಜಿನಗರ ಸ್ಟೇಷನ್ನಿಗೆ ಹೋಗುತ್ತದೆ. ಒಂದೇ ಸಲ ಬದಲಿಸಬೇಕು, ಲಿಫ್ಟ್ ಇದೆ, ಸಿಲ್ಕ್ ಬೋರ್ಡ್ ಟ್ರಾಫಿಕ್ ತಲೆನೋವಿಲ್ಲ. ಅಮ್ಮ ತಿಂಗಳಿಗೆ ಒಂದೆರಡು ಸಲ ಹಳೇ ಬೀದಿಗೆ ಹೋಗಿ, ಅವರ ಡಾಕ್ಟರಿಗೆ ತೋರಿಸಿಕೊಂಡು, ಗೆಳತಿಯರ ಮನೆಯಲ್ಲಿ ಊಟ ಮಾಡಿ ಸಂಜೆಗೆ ವಾಪಸ್ ಬರಬಹುದು. ಬಸ್ಸೇ ಬೇಕು ಅಂದರೆ ಮೆಜೆಸ್ಟಿಕ್, ಮಾರ್ಕೆಟ್ ಕಡೆಯಿಂದ 356 ನಂಬರಿನ ಬಸ್ಸುಗಳಿವೆ. ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸಿನಲ್ಲಿ ಅಮ್ಮನಿಗೆ ಟಿಕೆಟ್ ದುಡ್ಡೂ ಇಲ್ಲ. ದೊಡ್ಡ ಆಸ್ಪತ್ರೆಯೂ ಬೊಮ್ಮಸಂದ್ರದಲ್ಲೇ ಇದೆ, ನಾರಾಯಣ ಹೆಲ್ತ್ ಸಿಟಿ. ಹೃದಯಕ್ಕೆ ಅಂತ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅಮ್ಮನ ವಯಸ್ಸಿಗೆ ಅದು ಹತ್ತಿರ ಇರೋದು ನನಗೆ ದೊಡ್ಡ ಸಮಾಧಾನ.

ಬ್ರೋಕರ್ ನಿನಗೆ ಹೀಲಲಿಗೆಯಲ್ಲಿ ಉಪನಗರ ರೈಲು ಬರುತ್ತದೆ ಅಂದಿರುತ್ತಾನೆ. ಅದು ಸುಳ್ಳಲ್ಲ. ಹೀಲಲಿಗೆಯಿಂದ ರಾಜಾನುಕುಂಟೆಗೆ ಕನಕ ಮಾರ್ಗ ಅಂತ ಯೋಜನೆ ಇದೆ, ಇಡೀ ಉಪನಗರ ರೈಲಿಗೆ 2022ರಲ್ಲೇ ಅಡಿಗಲ್ಲು ಹಾಕಿದರು. ಆದರೆ ಬರಲಿರುವ ರೈಲಿಗೆ ಈಗಿನ ದುಡ್ಡು ಕೊಡಬೇಡ. ಈವತ್ತು ಓಡುತ್ತಿರುವುದನ್ನು ನೋಡಿ ಮನೆ ಆರಿಸು.

ಇನ್ನು ನೀರು. ಇದರ ಬಗ್ಗೆ ಜಾಸ್ತಿ ಹೇಳಲೇಬೇಕು.

2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು, ದಿನಕ್ಕೆ 775 ದಶಲಕ್ಷ ಲೀಟರ್. ಎಲ್ಲರೂ ಇನ್ನೇನು, ಬೆಂಗಳೂರಿನ ಹೊರವಲಯಕ್ಕೆಲ್ಲ ಕಾವೇರಿ ಬಂತು ಅಂದುಕೊಂಡರು. ಅದು ಬಂದಿರೋದು 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಿಗೆ. ಚಂದಾಪುರ ಆ ಪಟ್ಟಿಯಲ್ಲಿ ಇಲ್ಲ. ಅದು ಆನೇಕಲ್ ತಾಲ್ಲೂಕಿನ ಪುರಸಭೆ. ಅದರಾಚೆ ಹೋದರೆ ಗ್ರಾಮ ಪಂಚಾಯಿತಿಗಳು. ಇಲ್ಲಿನ ಅಪಾರ್ಟ್‌ಮೆಂಟುಗಳು ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿಕೊಂಡೇ ನಡೆಯುತ್ತವೆ.

ಲೆಕ್ಕ ಹಾಕಿ ನೋಡು. ನೀನು ಹೇಳಿದ ಅಪಾರ್ಟ್‌ಮೆಂಟಿನಲ್ಲಿ 200 ಮನೆ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕು ಅಂತ ಸರ್ಕಾರಿ ಲೆಕ್ಕ. ಮನೆಗೆ ನಾಲ್ಕು ಜನ ಅಂತ ಇಟ್ಟುಕೊಂಡರೆ ದಿನಕ್ಕೆ 1,08,000 ಲೀಟರ್. ಬೋರ್ ಕೈಕೊಟ್ಟ ದಿನ 12,000 ಲೀಟರಿನ ಟ್ಯಾಂಕರ್ ಒಂಬತ್ತು ಬೇಕು, ಪ್ರತಿ ದಿನ. 2024ರ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ದರ ಗೊತ್ತು ಮಾಡಿತ್ತು, 5 ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ. ಆ ದರದಲ್ಲೇ ಲೆಕ್ಕ ಹಾಕಿದರೂ ಮನೆಗೆ ತಿಂಗಳಿಗೆ 1,350 ರೂಪಾಯಿ ಬರೀ ನೀರಿಗೆ, ಮೇಂಟೆನೆನ್ಸ್ ಬೇರೆ. ದುಡ್ಡಾದರೂ ಕೊಡಬಹುದು. ಆ ಬೇಸಿಗೆ ದುಡ್ಡು ಹಿಡಿದು ನಿಂತರೂ ಟ್ಯಾಂಕರ್ ಸಿಗದ ದಿನಗಳಿದ್ದವು. ಹನ್ನೊಂದು ಗಂಟೆಗೆ ನಲ್ಲಿ ನಿಂತರೆ ನೀನು ಆಫೀಸಿನಲ್ಲಿರುತ್ತೀಯ. ಬಕೆಟ್ ಹಿಡಿದುಕೊಂಡು ಸೆಕ್ಯೂರಿಟಿಗೆ ಫೋನ್ ಮಾಡುವವರು ಅಮ್ಮ.

ಬಾಡಿಗೆಗೆ ಇದ್ದು ನೋಡು ಅಂತ ನಾನು ಹಟ ಹಿಡಿದಿರೋದು ಇದಕ್ಕೇ. ಮಾರುವವರು ಫ್ಲಾಟ್ ತೋರಿಸೋದು ನಲ್ಲಿಯಲ್ಲಿ ನೀರು ಬರುವಾಗ. ಏಪ್ರಿಲ್ ಕೊನೆಯ ವಾರದಲ್ಲಿ ಅದೇ ನಲ್ಲಿ ಏನು ಮಾಡುತ್ತದೆ ಅನ್ನೋದು ಅಲ್ಲಿ ವಾಸ ಇರುವವರಿಗೆ ಮಾತ್ರ ಗೊತ್ತು. ಈಗಲೇ ಒಂದು ಕೆಲಸ ಮಾಡಬಹುದು. ಅಸೋಸಿಯೇಷನ್ನಿನವರ ಹತ್ತಿರ ಹೋದ ಬೇಸಿಗೆಯ ಟ್ಯಾಂಕರ್ ಬಿಲ್ ತೋರಿಸಿ ಅಂತ ಕೇಳು. ಎಷ್ಟು ಬೋರ್ ಕೊರೆಸಿದ್ದಾರೆ, ಈಗ ಎಷ್ಟು ನೀರು ಕೊಡುತ್ತಿವೆ ಕೇಳು. ಮಳೆ ನೀರು ಎಲ್ಲಿ ಇಂಗುತ್ತದೆ, ಗುಂಡಿ ತೋರಿಸಿ ಅನ್ನು. ನೇರವಾಗಿ ಉತ್ತರ ಕೊಡುವ ಅಸೋಸಿಯೇಷನ್ ಇದ್ದರೆ ಅರ್ಧ ನೆಮ್ಮದಿ. ಸುಮ್ನೆ ಇಲ್ಲಿ ನೀರಿಗೆ ತೊಂದರೆಯೇ ಇಲ್ಲ ಅಂದರೆ ಅಲ್ಲಿಂದ ಎದ್ದು ಬಾ.

ನೀರು ಇದ್ದರೆ ಸಾಲದು, ಅದು ಎಂಥ ನೀರು ಅಂತಲೂ ನೋಡಬೇಕು. ಚಂದಾಪುರ ಕೆರೆ ಗೊತ್ತಲ್ಲ? ಕಾರ್ಖಾನೆ ನೀರು, ಮೋರಿ ನೀರು ಎರಡೂ ಸೇರಿ ಹಾಳಾದ ಕೆರೆ. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದೇ ಕೆರೆ ವಿಚಾರಕ್ಕೆ ರಾಜ್ಯ ಸರ್ಕಾರ 500 ಕೋಟಿ ರೂಪಾಯಿ ಪರಿಹಾರ ಕಟ್ಟಬೇಕು ಅಂದಿತ್ತು. ಆ ಕೆರೆಯ ನೀರು ಮುಂದೆ ಮುತ್ತಾನಲ್ಲೂರು ಕೆರೆಗೆ ಹೋಗುತ್ತದೆ. ಸುತ್ತ ಇರುವ ಬೋರ್‌ಗಳಿಗೆ ನೀರು ಇಳಿಯೋದು ಇಂಥ ಕೆರೆಗಳಿಂದಲೇ ಅಲ್ವಾ? ಕೆರೆಯಿಂದ ಕೆಳಗಿರುವ ಜಾಗ ಆದರೆ ಎರಡು ಸಲ ಯೋಚನೆ ಮಾಡು. ಒಂದು ಬಾಟಲಿ ಬೋರ್ ನೀರು ತೆಗೆದುಕೊಂಡು ಲ್ಯಾಬಿಗೆ ಕೊಡು. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣ, ಲೀಟರಿಗೆ 500 ಮಿಲಿಗ್ರಾಂ ಒಳಗೆ ಇರೋದು ಒಳ್ಳೆಯದು, ಬೇರೆ ನೀರೇ ಇಲ್ಲದ ಕಡೆ 2,000ದವರೆಗೆ ಸರ್ಕಾರಿ ಮಾನದಂಡ ಒಪ್ಪುತ್ತದೆ. ನೈಟ್ರೇಟ್ ಮಾತ್ರ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ಮೋರಿ ನೀರು ಸೇರಿದೆಯಾ ಅನ್ನೋದು ಅದರಲ್ಲಿ ಗೊತ್ತಾಗುತ್ತದೆ. ಕುಡಿಯೋಕೆ ಆರ್‌ಒ ಹಾಕಬಹುದು, ಆದರೆ ಮಕ್ಕಳಿಗೆ ಸ್ನಾನಕ್ಕೆ ಅದೇ ನೀರು, ಸೊಪ್ಪು ತೊಳೆಯೋಕೂ ಅದೇ ನೀರು.

ಮಳೆಗಾಲದ ಮಾತು ಬೇಗ ಮುಗಿಸುತ್ತೇನೆ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆ ಕಡೆ ಕೋಟಿ ಕೋಟಿ ಕೊಟ್ಟು ಕೊಂಡ ಮನೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಕರೆತಂದದ್ದು ನೀನೂ ಟಿವಿಯಲ್ಲಿ ನೋಡಿದ್ದೀಯ. ರಾಜಕಾಲುವೆ ಎಲ್ಲಿ ಹೋಗುತ್ತದೆ ಅಂತ ಹಳ್ಳಿ ನಕ್ಷೆಯಲ್ಲಿ ನೋಡು. ಊರಿನ ಹಳಬರೊಬ್ಬರನ್ನೂ ಕೇಳು. ಇಲ್ಲಿ ಮೊದಲು ಗದ್ದೆ ಇತ್ತಾ, ಹೊಲ ಇತ್ತಾ ಅಂತ ಕೇಳಿದರೆ ಸಾಕು, ನೀರು ಎಲ್ಲಿ ನಿಲ್ಲುತ್ತದೆ ಅವರೇ ಹೇಳುತ್ತಾರೆ.

ಕಾಗದ ಪತ್ರದ ವಿಷಯ. ಲಾಯರ್ ನೋಡುತ್ತಾರೆ ಅಂತ ಬಿಡಬೇಡ, ನೀನೂ ಓದು. ಪುರಸಭೆ ವ್ಯಾಪ್ತಿಯಾದರೆ ನಮೂನೆ 3 ಇ-ಖಾತೆ. ಪಂಚಾಯಿತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ. 11ಬಿ ಕೊಟ್ಟು ಎಲ್ಲಾ ಒಂದೇ ಸಾರ್ ಅಂದರೆ ನಂಬಬೇಡ, ಎರಡೂ ಒಂದೇ ಅಲ್ಲ, 11ಎ ಸರಿಯಾದ ಮಂಜೂರಾತಿ ಇರುವ ಆಸ್ತಿಗೆ. ರೇರಾ ವೆಬ್‌ಸೈಟಿನಲ್ಲಿ ಆ ಬಿಲ್ಡರ್ ಮೇಲೆ ದೂರು ಇದೆಯಾ ನೋಡಬಹುದು. ಎಲ್ಲಕ್ಕಿಂತ ಮುಖ್ಯ ಓಸಿ, ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅನ್ನುವ ಪ್ರಮಾಣಪತ್ರ. ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಎಷ್ಟು ಜನ ಮನೆ ಕಟ್ಟಿಕೊಂಡು ಮೀಟರ್ ಇಲ್ಲದೆ ಕೂತರು. ಅದು ನಮಗೆ ಬೇಡ.

ನಿನ್ನ ಮಗಳು ಪುಟ್ಟಿಯ ಸ್ಕೂಲ್ ಬಗ್ಗೆ ನಿನ್ನ ಹೆಂಡತಿ ಕೇಳಿದ್ದಳು. ವರ್ಷದ ಮಧ್ಯೆ ಬಿಡಿಸಬೇಡಿ. ಮೇ ಕೊನೆಗೆ ಹೊಸ ಸ್ಕೂಲ್ ಶುರುವಾಗುವ ಹೊತ್ತಿಗೆ ಮನೆ ಬದಲಿಸಿ. ಟಿಸಿ ತೆಗೆಯುವಾಗ ಅವಳ ಸ್ಯಾಟ್ಸ್ ಸಂಖ್ಯೆ, ಅಂದರೆ ಶಿಕ್ಷಣ ಇಲಾಖೆ ಪ್ರತಿ ಮಗುವಿಗೆ ಕೊಡುವ ನಂಬರ್, ಸರಿ ಇದೆಯಾ ನೋಡಿಕೊಳ್ಳಿ. ಈ ಕಡೆ ಸ್ಕೂಲುಗಳಲ್ಲಿ ಹಿಂದಿ, ತೆಲುಗು, ತಮಿಳು ಮನೆಮಾತಿನ ಮಕ್ಕಳು ಜಾಸ್ತಿ. ಅದು ಒಳ್ಳೆಯದೇ, ನಾಲ್ಕು ಭಾಷೆ ಕಿವಿಗೆ ಬೀಳುತ್ತದೆ. ಆದರೆ ಕನ್ನಡ ಯಾರು ಕಲಿಸುತ್ತಾರೆ, ವಾರಕ್ಕೆ ಎಷ್ಟು ಪೀರಿಯಡ್ ಅಂತ ಕೇಳಿಯೇ ಸೇರಿಸಿ. ಸಿಬಿಎಸ್‌ಇ ಇರಲಿ, ಯಾವುದೇ ಇರಲಿ, ಕನ್ನಡ ಕಲಿಸಬೇಕು ಅಂತ 2015ರ ಕಾಯಿದೆಯೇ ಇದೆ. ಕೇಳೋಕೆ ಸಂಕೋಚ ಬೇಡ. ಪುಟ್ಟಿ ಅಜ್ಜಿಗೆ ಕತೆ ಓದಿ ಹೇಳುತ್ತಾಳಲ್ಲ, ಅದು ನಿಲ್ಲಬಾರದು.

ಹಾಂ, ಬಾಡಿಗೆಗೆ ಬಂದರೆ ಹಳೇ ಮನೆಯ ಆರ್‌ಆರ್ ನಂಬರಿನಿಂದ ಗೃಹಜ್ಯೋತಿ ಡಿ-ಲಿಂಕ್ ಮಾಡಿಸಿ ಹೊಸದಕ್ಕೆ ಸೇರಿಸಬೇಕು, ಸೇವಾ ಸಿಂಧುವಿನಲ್ಲಿ ಆಗುತ್ತದೆ. ರೇಷನ್ ಯಾವ ಅಂಗಡಿಯಲ್ಲಾದರೂ ತಗೊಳ್ಳಬಹುದು. ಉಳಿದದ್ದು ನಿಧಾನಕ್ಕೆ.

ದೊಡ್ಡಮ್ಮ, ನೀವು ಅಲ್ಲಿ ನಮ್ಮವರು ಯಾರಿದ್ದಾರೆ ಅಂದಿರಿ. ಇದು ಬರೀ ಐಟಿಯವರ ಜಾಗ ಅಲ್ಲ. ಅಪಾರ್ಟ್‌ಮೆಂಟಿನ ಕಾಂಪೌಂಡ್ ಆಚೆ ಇನ್ನೂ ರಾಗಿ ಹೊಲ ಇದೆ, ಅವರೆಕಾಯಿ ಕಾಲದಲ್ಲಿ ರಸ್ತೆ ಪಕ್ಕದಲ್ಲೇ ಸೊಗಡಿನ ಕಾಯಿ ಮಾರುತ್ತಾರೆ. ಆನೇಕಲ್‌ನಲ್ಲಿ ರೇಷ್ಮೆ ಸೀರೆ ನೇಯುವ ಮನೆಗಳಿವೆ, ಧರ್ಮರಾಯನ ಕರಗ ನಡೆಯುತ್ತದೆ. ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ಸುತ್ತಲಿನ ಹಳ್ಳಿಯವರು ಮುಗಿಲೆತ್ತರದ ತೇರು ಕಟ್ಟಿ ಎಳೆದು ತರುತ್ತಾರೆ. ಅಮ್ಮ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ಈ ಜನರ ಜೊತೆ ಅಮ್ಮ ನಮಗಿಂತ ಬೇಗ ಹೊಂದಿಕೊಳ್ಳುತ್ತಾರೆ ಅಂತ ನನಗೆ ನಂಬಿಕೆ ಇದೆ. ಆದರೆ ಅದಕ್ಕೆ ಅವರು ಗೇಟು ದಾಟಿ ತಾವೇ ಹೊರಗೆ ಬರುವಂತಿರಬೇಕು.

ಚಿಕ್ಕಪ್ಪ, ರೇಟ್ ಏರುತ್ತದೆ ಅನ್ನೋದು ನಿಜ ಇರಬಹುದು. ಒಂದು ವರ್ಷದಲ್ಲಿ ಎರಡು ಮೂರು ಲಕ್ಷ ಜಾಸ್ತಿ ಆದರೂ ಆಗಲಿ. ಇಪ್ಪತ್ತು ವರ್ಷ ಸಾಲ ಕಟ್ಟುವ ಮನೆಗೆ ಅಷ್ಟು ಕೊಟ್ಟು ತಿಳಿದುಕೊಳ್ಳೋದರಲ್ಲಿ ನಷ್ಟ ಇಲ್ಲ ಅಂತ ನಾನು ಅಂದುಕೊಂಡಿದ್ದೇನೆ.

ತಮ್ಮಾ, ಆ ಅಪಾರ್ಟ್‌ಮೆಂಟಿನ ಸರ್ವೆ ನಂಬರ್ ಮತ್ತು ರೇರಾ ನಂಬರ್ ಕಳಿಸು. ಭಾನುವಾರ ಬರುವಾಗ ಅಮ್ಮನನ್ನೂ ಕರೆದುಕೊಂಡು ಬಾ, ಕಾರಿನಲ್ಲಿ ಬೇಡ, ಮೆಟ್ರೋದಲ್ಲೇ ಬನ್ನಿ. ಬೊಮ್ಮಸಂದ್ರ ಸ್ಟೇಷನ್ನಿನಿಂದ ಆ ಫ್ಲಾಟಿನವರೆಗೆ ಅಮ್ಮನ ಜೊತೆಗೇ ಹೋಗೋಣ. ಮನೆ ಹೇಗಿದೆ ಅಂತ ಮೊದಲು ಅವರನ್ನೇ ಕೇಳೋಣ.