ಬೆಂಡೆಕಾಯಿ ಹುಳಿ ಹುಡುಕಿಕೊಂಡು ಹೋದ ಸೀನ

ಹ್ಯೂಸ್ಟನ್‌ನಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಮೊದಲು ಕಾಫಿ, ಆಮೇಲೆ ವೀಸಾ ಮಾತು. ಆವತ್ತು ಸೀನನ ಮನೆಯಲ್ಲಿ ಮಾತ್ರ ವೀಸಾ ಬದಿಗೆ ಸರಿದು ಕೋಳಿ ಬಂತು.

“ಮಾರ್ಡಿ ಗ್ರಾ ಅಂತ, ಕ್ರಿಶ್ಚಿಯನ್ನರ ಉಪವಾಸ ಶುರುವಾಗೋ ಹಿಂದಿನ ದಿನದ ಹಬ್ಬ, ಅದನ್ನ ನೋಡೋಕೆ ಲೂಸಿಯಾನಾಗೆ ಹೋಗಿದ್ದೆ ಕಣ್ರೋ. ಮಾಮೂ ಅಂತ ಊರು.”

“ಅದು ನ್ಯೂ ಆರ್ಲಿಯನ್ಸ್‌ನಲ್ಲಿ ಅಲ್ವಾ? ಮಣಿಸರ ಎಸೀತಾರಲ್ಲ?” ಅಂದೆ.

“ಅದು ಪೇಟೆಯವರದು. ಇದು ಫ್ರೆಂಚ್ ಮೂಲದ ಕೇಜನ್ ಜನರ ಹಳ್ಳಿ ಹಬ್ಬ. ಇಲ್ಲಿ ಎಸೆಯೋದು ಕೋಳಿ, ಅದೂ ಜೀವಂತ.”

ನಾವು ಮುಖ ಮುಖ ನೋಡಿಕೊಂಡೆವು. ಸೀನ ಏಕಾದಶಿ ದಿನ ಈರುಳ್ಳಿಯನ್ನೂ ಮುಟ್ಟದವನು. ಅವನ ಹೆಂಡತಿ ರಾಜಿ ಅಡುಗೆಮನೆಯಿಂದಲೇ ಗುಟ್ಟು ಬಿಟ್ಟುಕೊಟ್ಟಳು. “ಆ ಹಬ್ಬದ ಅಡುಗೆಗೆ ಗಂಬೋ ಅಂತಾರೆ. ಅದು ಆಫ್ರಿಕಾದ ಮಾತು, ಅರ್ಥ ಬೆಂಡೆಕಾಯಿ ಅಂತ ಎಲ್ಲೋ ಓದಿದಾರೆ. ಊರಿಗೆಲ್ಲ ಬೆಂಡೆಕಾಯಿ ಹುಳಿ ಬಡಿಸ್ತಾರೆ ಅಂತ ಮೂರು ಗಂಟೆಗೂ ಜಾಸ್ತಿ ಕಾರು ಓಡಿಸಿದ್ರು!”

ಅರ್ಥವೇನೋ ಸರಿಯೇ. ಆದರೆ ಮಾಮೂ ಕಡೆ ಹಬ್ಬದ ಗಂಬೋಗೆ ಬೀಳುವುದು ಕೋಳಿ ಮತ್ತು ಸಾಸೇಜು. ಮೊದಲು ಎಣ್ಣೆಯಲ್ಲಿ ಮೈದಾ ಹಾಕಿ, ಕೈ ಬಿಡದೆ, ಚಾಕಲೇಟ್ ಬಣ್ಣ ಬರುವ ತನಕ ಹುರಿಯುತ್ತಾರೆ. ಅದು ‘ರೂ’. ಅನ್ನದ ಮೇಲೆ ಸುರಿದುಕೊಂಡು ತಿನ್ನುತ್ತಾರೆ. ಅನ್ನ ಅಂದದ್ದೇ ಸೀನನಿಗೆ ಸ್ವಲ್ಪ ಸಮಾಧಾನವಂತೆ.

“ಬೆಳಗ್ಗೆನೇ ಕುದುರೆ ಹತ್ತಿ ಹೊರಡ್ತಾರೆ ಮಾರಾಯ. ಮೈತುಂಬ ಚಿಂದಿ ಜಾಲರಿ ಬಟ್ಟೆ. ತಲೆ ಮೇಲೆ ಮೊಳದುದ್ದ ಚೂಪು ಟೋಪಿ. ಹಿಂದಿನ ಕಾಲದ ದೊಡ್ಡಮನೆ ಹೆಂಗಸರನ್ನ ಅಣಕಿಸೋಕೆ ಅಂತೆ. ಮುಖಕ್ಕೆ ತಂತಿ ಬಲೆ. ಕಿಟಕಿಗೆ ಸೊಳ್ಳೆ ಪರದೆ ಹಾಕ್ತೀವಲ್ಲ, ಹಾಗೆ. ಹತ್ತಿರ ಬಂದ್ರೆ ಒಳಗೆ ಕಣ್ಣು ಪಿಳಿಪಿಳಿ ಅನ್ನೋದಷ್ಟೇ ಕಾಣ್ಸತ್ತೆ.”

“ಎಲ್ಲರೂ ಮುಖವಾಡದವರೇ?”

“ಕ್ಯಾಪ್ಟನ್ ಒಬ್ಬ ಬಿಟ್ಟು. ಅವನು ಬಿಳಿ ಬಾವುಟ ಹಿಡಿದು ಮುಂದೆ ಹೋಗಿ ಮನೆಯವರನ್ನ ಕೇಳ್ತಾನೆ. ಅವರು ಹೂಂ ಅನ್ನೋ ತನಕ ಒಬ್ಬನೂ ಅಂಗಳಕ್ಕೆ ಕಾಲಿಡೋ ಹಾಗಿಲ್ಲ. ಆಮೇಲೆ ಫ್ರೆಂಚ್‌ನಲ್ಲಿ ಹಾಡು, ಕುಣಿತ, ಭಿಕ್ಷೆ. ಕೋಳಿ, ಅಕ್ಕಿ, ಈರುಳ್ಳಿ, ಏನಾದ್ರೂ ಸರಿ, ಎಲ್ಲಾ ಗಂಬೋಗೆ.”

“ಮಾಮೂ ಅಂತೀಯ, ಮನೆ ಮನೆಗೂ ಹೋಗಿ ಮಾಮೂಲಿ ವಸೂಲಿ ಮಾಡ್ತಾರೆ ಅಂತೀಯ. ಹೆಸರಿಟ್ಟವನು ಜಾಣ,” ಅಂದ ಗಿರಿ. ನನಗೆ ಮಾತ್ರ ಕಾಮನ ಹಬ್ಬಕ್ಕೆ ಸೌದೆ ಬೇಡಲು ಹೋಗಿ, ಕೊಡದ ಮನೆಯ ಹಳೇ ಬಾಗಿಲನ್ನೇ ಹೊತ್ತು ತಂದದ್ದು ನೆನಪಾಯಿತು. ನಮಗೆ ಕ್ಯಾಪ್ಟನ್ ಇರಲಿಲ್ಲ.

ಈ ಕೇಜನ್ ಜನರ ಅಜ್ಜಂದಿರು ಈಗಿನ ಕೆನಡಾದ ಅಕೇಡಿಯಾದಲ್ಲಿದ್ದ ಫ್ರೆಂಚರು. 1755ರಿಂದ ಬ್ರಿಟಿಷರು ಅವರನ್ನು ಹಡಗು ಹತ್ತಿಸಿ ಓಡಿಸಿದರು. ಅಲೆದು ಅಲೆದು ಕೆಲವರು ಲೂಸಿಯಾನಾ ಸೇರಿದರು. 1921ರ ರಾಜ್ಯ ಸಂವಿಧಾನ ಶಾಲೆಯಲ್ಲಿ ಇಂಗ್ಲಿಷೊಂದೇ ಅಂದಿತು. ಆಗ ಮಕ್ಕಳು ಫ್ರೆಂಚ್ ಆಡಿದರೆ ಶಿಕ್ಷೆ ಆಗುತ್ತಿತ್ತು. ಹಾಡಿನಲ್ಲಂತೂ ಅದು ಉಳಿದುಕೊಂಡಿದೆ. ಸೀನ ಇದನ್ನು ಹೇಳುವಾಗ ಗಿರಿಯ ಮಗ ಸೋಫಾದ ಮೇಲೆ ಇಂಗ್ಲಿಷ್‌ನಲ್ಲಿ ನೀರು ಕೇಳಿದ. ಗಿರಿ ಗಂಟಲು ಸರಿಮಾಡಿಕೊಂಡ.

“ಕೋಳಿ ಎಲ್ಲಿ ಹೋಯ್ತೋ?”

“ಮೇಲಕ್ಕೆ ಎಸೆದ್ರು. ಅದು ಕೆಸರು ಗದ್ದೆಗೆ ಹಾರ್ತು. ಇಪ್ಪತ್ತು ಜನ ಬಿದ್ದು ಎದ್ದು ಓಡಿದ್ರು. ಅದು ಎಲ್ಲರನ್ನೂ ಬಿಟ್ಟು ನನ್ನ ಕಾಲ ಸಂದಿಯಲ್ಲೇ ನುಗ್ಗಬೇಕಾ?”

“ಹಿಡಿದ್ಯಾ?”

“ನಾನು ಕಣ್ಣು ಮುಚ್ಕೊಂಡು ರಾಮ ರಾಮ ಅಂತಿದ್ದೆ.”

ಅಷ್ಟರಲ್ಲಿ ಮುಖವಾಡದವನೊಬ್ಬ ಮಂಡಿಯೂರಿ, ಅಂಗೈಗೆ ಬೆರಳು ಕುಟ್ಟಿ ‘ಸ್ಯಾಂಕ್ ಸೂ’ ಅಂದನಂತೆ. ಐದು ಕಾಸು ಕೊಡಿ ಅಂತ. ಗಾಬರಿಯಲ್ಲಿ ಸೀನನ ಬಾಯಿಂದ ಬಂದದ್ದು ಅಚ್ಚ ಕನ್ನಡ: “ಚಿಲ್ರೆ ಇಲ್ಲ, ಮುಂದೆ ಹೋಗಪ್ಪಾ.”

ಹೋಗಲಿಲ್ಲ. ಇನ್ನೂ ಮೂವರು ಬಂದು ಸುತ್ತ ಕುಣಿದರು. ಸೀನ ಕಾರಿನ ಬಾಗಿಲು ತೆಗೆದು ಕೈಗೆ ಸಿಕ್ಕಿದ್ದನ್ನು ಕೊಟ್ಟುಬಿಟ್ಟ. ಅವರು ಅದನ್ನು ತಲೆ ಮೇಲೆತ್ತಿ ಕುಣಿದು, ಗಾಡಿಯಲ್ಲಿದ್ದ ಈರುಳ್ಳಿ ಪಕ್ಕ ಇಟ್ಟರು.

“ಏನು ಕೊಟ್ಟೆ?”

ಸೀನ ಅಡುಗೆಮನೆ ಕಡೆ ನೋಡಿ ಧ್ವನಿ ಇಳಿಸಿದ. “ಅವಳಮ್ಮ ಊರಿಂದ ಕಳಿಸಿದ್ದ ಮಿಡಿ ಉಪ್ಪಿನಕಾಯಿ ಜಾಡಿ.”

ಒಳಗೆ ಸೌಟಿನ ಸದ್ದು ನಿಂತಿತು.